ನೇರಳೆ ಹರಳಿನ ಸಹವಾಸ

ಅಪಾಯಕ್ಕೆ ಒಂದು ಮುಖಲಕ್ಷಣ ಇರಬೇಕೆಂದು ನಾವೆಲ್ಲ ನಂಬಿಕೊಂಡಿದ್ದೇವೆ. ಆ್ಯಸಿಡ್ ಅಂದಮೇಲೆ ಹೊಗೆಯಾಡಬೇಕು. ವಿಷ ಅಂದಮೇಲೆ ಬಾಟಲಿಯ ಮೇಲೆ ತಲೆಬುರುಡೆ ಇರಬೇಕು. ಬೆಂಕಿ ಹತ್ತುವ ಪದಾರ್ಥವಾದರೆ ಸೀಮೆಎಣ್ಣೆ, ಪೆಟ್ರೋಲು ಮಾಡುವಂತೆ ಮೂಗಿಗೆ ಮುಂಚಿತವಾಗಿ ಒಂದು ಮಾತು ತಿಳಿಸಬೇಕು. ಈ ಮೂರರಲ್ಲಿ ಯಾವುದೂ ಇಲ್ಲದ ಪದಾರ್ಥ ಕಂಡರೆ ಅದನ್ನು ನಿಶ್ಚಿಂತೆಯಿಂದ ಸಾಧುಗಳ ಪಟ್ಟಿಗೆ ಸೇರಿಸಿಬಿಡುತ್ತೇವೆ. ಆ ಪಟ್ಟಿಯಲ್ಲಿ ಬಹುಕಾಲದಿಂದ ಹಾಯಾಗಿ ಕುಳಿತಿರುವ ಒಬ್ಬರ ಬಗ್ಗೆ ನನಗೆ ಎರಡು ಮಾತು ಹೇಳುವುದಿದೆ. ಅವರ ಹೆಸರು ಪೊಟ್ಯಾಸಿಯಂ ಪರ್ಮಾಂಗನೇಟ್.

ಕಪ್ಪಿಗೆ ತಿರುಗಿದ ನೇರಳೆ ಹರಳು. ಬೆಳಕಿಗೆ ಹಿಡಿದರೆ ಕಂಚಿನ ಮಿನುಗು. ವಾಸನೆಯಿಲ್ಲ, ಹೊಗೆಯಿಲ್ಲ. ಕಡ್ಡಿ ಗೀರಿ ಹತ್ತಿರ ಹಿಡಿದರೂ ತಾನು ಹೊತ್ತಿಕೊಳ್ಳುವುದಿಲ್ಲ. ಬಾಟಲಿಯ ಚೀಟಿಯ ಮೇಲೆ ಮಾತ್ರ ಒಂದು ಸಣ್ಣ ಚಿತ್ರ ಇರುತ್ತದೆ: ವೃತ್ತ, ಅದರ ನೆತ್ತಿಯ ಮೇಲೆ ಜ್ವಾಲೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಕಾಲದಲ್ಲಿ ಆ ಚಿತ್ರ ತೋರಿಸಿ ಅರ್ಥ ಕೇಳುವುದು ನನ್ನ ಚಟ. ಪ್ರತಿ ವರ್ಷ ಅದೇ ಉತ್ತರ: “ಉರಿಯುತ್ತೆ ಅಂತ ಅಲ್ವಾ ಸಾರ್?” ಆ ಮಕ್ಕಳನ್ನು ಬೈಯುವಂತಿಲ್ಲ. ಹೆದ್ದಾರಿಯಲ್ಲಿ ಇಂಥದೇ ಚಿತ್ರದ ಹಳದಿ ಹಲಗೆ, ಕೆಳಗೆ 5.1 ಎಂಬ ಅಂಕಿ ಹೊತ್ತ ಲಾರಿಗಳು ಹೋಗುತ್ತಿರುತ್ತವೆ. ಅದರ ಹಿಂದೆಯೇ ಬೀಡಿ ಸೇದುತ್ತಾ ಹೋಗುವ ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ? ಅದರ ಅರ್ಥ ಇಷ್ಟೇ: ಈ ಪದಾರ್ಥ ತಾನು ಉರಿಯುವುದಿಲ್ಲ, ಪಕ್ಕದಲ್ಲಿರುವುದನ್ನು ಉರಿಸುತ್ತದೆ. ಪುಸ್ತಕದ ಭಾಷೆಯಲ್ಲಿ ಉತ್ಕರ್ಷಣಕಾರಿ.

ಹೆಸರು ಕೇಳಿ ಗಾಬರಿಯಾಗಬೇಡಿ, ನಿಮಗೆ ಇದರ ಪರಿಚಯ ಇದ್ದೇ ಇದೆ. ಹಳ್ಳಿಯ ಕಡೆಯವರಾದರೆ, ಕಾಲುಬಾಯಿ ಜ್ವರ ಬಂದ ಎತ್ತಿನ ಗೊರಸು ತೊಳೆಯಲೆಂದು ದನದ ಡಾಕ್ಟರು ಕಾಗದದಲ್ಲಿ ಕಟ್ಟಿಕೊಟ್ಟ ಪೊಟ್ಟಣ ನೆನಪಿರಬಹುದು. ನಾಟಿ ಸಮಯದಲ್ಲಿ ಕೆಸರಲ್ಲಿ ನಿಂತು ನಿಂತು ಬೆರಳಿನ ಸಂದು ಹುಣ್ಣಾದಾಗ ಕಾಲು ಅದ್ದಿ ಕುಳಿತ ಗುಲಾಬಿ ನೀರಿನ ಬಕೆಟ್ಟು ನೆನಪಿರಬಹುದು. ಊರಿಗೆ ವಾಂತಿಭೇದಿ ಬಂದಾಗ ಸೇದೋ ಬಾವಿಯ ನೀರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಣ್ಣ ಬದಲಿಸಿದ್ದನ್ನು ಹಿರಿಯರು ಹೇಳಿರಬಹುದು. ಪೇಟೆಯವರಾದರೆ ದ್ರಾಕ್ಷಿ, ಸೊಪ್ಪು ತೊಳೆಯುವ ಪಾತ್ರೆಯಲ್ಲಿ ಇದನ್ನು ಕಂಡಿರುತ್ತೀರಿ. ಸೈನ್ಸ್ ತೆಗೆದುಕೊಂಡ ಪಾಪಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಯುರೆಟ್ಟಿನ ಮುಂದೆ ನಿಂತು ಬೆವರಿದವರಾದರೆ, ಕೇಳುವುದೇ ಬೇಡ.

ಆ ಬ್ಯುರೆಟ್ಟಿನ ವಿಷಯ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಪಿಯುಸಿ ಪ್ರಯೋಗಗಳಲ್ಲಿ ಕಣ್ಣಿಗೆ ಹಬ್ಬ ಅನ್ನಿಸುವುದು ಅದೊಂದೇ. ಕೆಳಗೆ ಫ್ಲಾಸ್ಕಿನಲ್ಲಿ ನೀರಿನ ಬಣ್ಣದ ಆಕ್ಸಾಲಿಕ್ ಆಮ್ಲ, ಅದಕ್ಕೆ ಬೆರೆಸಿದ ಸಾರಗುಂದಿಸಿದ ಗಂಧಕಾಮ್ಲ. 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ಮೇಲೆ ಬ್ಯುರೆಟ್ಟಿನಲ್ಲಿ ಕಡುನೇರಳೆ ದ್ರಾವಣ. ಮೊದಲ ಹನಿ ಬಿದ್ದಾಗ ಬಣ್ಣ ಬೇಗ ಹೋಗುವುದೇ ಇಲ್ಲ. ಹುಡುಗರು ಗಾಬರಿಯಾಗಿ “ಸಾರ್, ಆಗಲೇ ಎಂಡ್ ಪಾಯಿಂಟ್ ಬಂತು!” ಎಂದು ಕೂಗುತ್ತಾರೆ. ಬಂದಿರುವುದಿಲ್ಲ. ಆ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ಚುರುಕು ಕೊಡುತ್ತದೆ. ಅದು ಸ್ವಲ್ಪ ಹುಟ್ಟಿಕೊಳ್ಳುವ ತನಕ ತಡ, ಆಮೇಲೆ ಹನಿ ಬಿದ್ದ ಕ್ಷಣ ಬಣ್ಣ ಮಾಯ. ಮಾಯವಾಗುತ್ತಾ ಆಗುತ್ತಾ ಒಂದು ಹನಿಗೆ ಇಡೀ ಫ್ಲಾಸ್ಕು ತಿಳಿಗುಲಾಬಿಯಾಗಿ ನಿಂತುಬಿಡುತ್ತದೆ. ಬೇರೆ ಸೂಚಕ ಬೇಡ, ಯಾರನ್ನೂ ಕೇಳುವುದು ಬೇಡ. ಕೆಲಸ ಮಾಡುವವನೇ ಕೆಲಸ ಮುಗಿಯಿತೆಂದು ಹೇಳುವ ಪದ್ಧತಿ ಸರ್ಕಾರಿ ಕಚೇರಿಗಳಲ್ಲೂ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈ ಪ್ರಯೋಗದ ಸಣ್ಣಪುಟ್ಟ ನಿಯಮಗಳನ್ನು ಹುಡುಗರು ಪರೀಕ್ಷೆಯ ಕಾಟ ಎಂದುಕೊಂಡು ಬಾಯಿಪಾಠ ಮಾಡುತ್ತಾರೆ. ಒಂದೊಂದು ನಿಯಮದ ಹಿಂದೆಯೂ ಈ ಹರಳಿನ ಸ್ವಭಾವ ಅಡಗಿದೆ. ರಬ್ಬರ್ ಕೊಳವೆಯ ಬ್ಯುರೆಟ್ ಬೇಡ, ಗಾಜಿನ ತಿರುಪಿನದೇ ಬೇಕು. ಏಕೆಂದರೆ ಇದು ರಬ್ಬರನ್ನು ತಿನ್ನುತ್ತದೆ. ಶೋಧಿಸಲು ಕಾಗದದ ಫಿಲ್ಟರ್ ಬೇಡ, ಗಾಜಿನ ಎಳೆಯ ಮುದ್ದೆ ಇಡಿ. ಏಕೆಂದರೆ ಕಾಗದವನ್ನೂ ತಿನ್ನುತ್ತದೆ. ಕಂದು ಬಾಟಲಿಯಲ್ಲಿಡಿ, ಬೆಳಕು ಬಿದ್ದರೆ ತಾನೇ ಸವೆಯುತ್ತದೆ. ಈ ದಿನ ತಯಾರಿಸಿದ ದ್ರಾವಣ ಮುಂದಿನ ವಾರ ಅದೇ ಬಲದ್ದೆಂದು ನಂಬಬೇಡಿ. ಬಟ್ಟಿಯಿಳಿಸಿದ ನೀರಿನಲ್ಲಿ ಉಳಿದ ಒಂದಿಷ್ಟು ಸಾವಯವ ಧೂಳನ್ನೂ ಅದು ಬಿಡುವುದಿಲ್ಲ. ಗಂಧಕಾಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಡಿ. ಅದರ ಕ್ಲೋರೈಡನ್ನು ಹಿಡಿದು ಕ್ಲೋರಿನ್ ಮಾಡಿಬಿಡುತ್ತದೆ. ದುರ್ಬಲ ದ್ರಾವಣದಲ್ಲಾದರೆ ಲೆಕ್ಕ ಮಾತ್ರ ಕೆಡುತ್ತದೆ. ಹರಳಿನ ಮೇಲೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಕೋಣೆ ತುಂಬ ಹಸಿರು-ಹಳದಿ ವಿಷಾನಿಲ ತುಂಬಿಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಕ್ಲೋರಿನ್ ತಯಾರಿಸುವ ಒಂದು ವಿಧಾನವೇ ಅದು.

ಗುಲಾಬಿ ನೀರು ಎಂದಾಗ ಒಂದು ತಪ್ಪು ತಿಳಿವಳಿಕೆ ಸರಿಪಡಿಸಿಬಿಡುತ್ತೇನೆ. ಲೋಕಾಯುಕ್ತ ದಾಳಿಯಲ್ಲಿ ಲಂಚ ತೆಗೆದುಕೊಂಡವರ ಕೈ ತೊಳೆಸಿದಾಗ ನೀರು ಗುಲಾಬಿಯಾಗುವುದೂ ಪರ್ಮಾಂಗನೇಟಿನ ಕರಾಮತ್ತೇ ಎಂದು ಅನೇಕರ ನಂಬಿಕೆ. ಅಲ್ಲ. ಅಲ್ಲಿ ನೋಟಿಗೆ ಸವರಿರುವುದು ಫಿನಾಲ್ಫ್ತಲೀನ್ ಪುಡಿ, ಕೈ ತೊಳೆಸುವುದು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ. ಪರ್ಮಾಂಗನೇಟನ್ನು ಬೆವರಿನ ಕೈಯಿಂದ ಮುಟ್ಟಿದವರಿಗೆ ದಾಳಿಯ ಅಗತ್ಯವೇ ಇಲ್ಲ. ಬೆರಳೆಲ್ಲ ಕಂದುಗಟ್ಟಿ ದಿನಗಟ್ಟಲೆ ಸಾಕ್ಷಿ ಹೇಳುತ್ತದೆ.

ಈಗ ಮೂಲಕ್ಕೆ ಬರೋಣ. ಬೆಂಕಿಗೆ ಮೂರು ಬೇಕು ಎಂದು ಮಿಡ್ಲ್ ಸ್ಕೂಲಿನಲ್ಲೇ ಓದಿದ್ದೇವೆ: ಉರಿಯುವ ವಸ್ತು, ಕಾವು, ಆಮ್ಲಜನಕ. ಮೊದಲೆರಡರ ಬಗ್ಗೆ ನಮಗೆ ಎಚ್ಚರ ಇದೆ. ಮೂರನೆಯದು ಗಾಳಿಯಲ್ಲಿ ನೂರಕ್ಕೆ 21 ಪಾಲು ಇದ್ದೇ ಇದೆಯಾದ್ದರಿಂದ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೋಣಿಚೀಲ ಹೊದಿಸಿ ಬೆಂಕಿ ಆರಿಸುವಾಗ ನಾವು ಮಾಡುವುದು ಆ ಗಾಳಿಯನ್ನು ತಡೆಯುವುದು. ಪರ್ಮಾಂಗನೇಟ್ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಅದು ತನ್ನ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಒಣಹರಳನ್ನು ಪ್ರನಾಳದಲ್ಲಿ ಹಾಕಿ ಸುಮಾರು 240 ಡಿಗ್ರಿಯವರೆಗೆ ಕಾಯಿಸಿದರೆ ಚಟಚಟನೆ ಸಿಡಿಯುತ್ತಾ ಆಮ್ಲಜನಕ ಬಿಡುತ್ತದೆ. ಬಾಯಿಗೆ ಹಿಡಿದ ಕೆಂಡದ ಕಡ್ಡಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಇಂಥ ಪದಾರ್ಥ ಸೇರಿಕೊಂಡ ಬೆಂಕಿಗೆ ಗೋಣಿ ಹೊದಿಸಿ ಫಲವಿಲ್ಲ. ಕಾರಿಡಾರಿನಲ್ಲಿ ನೇತುಹಾಕಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರದು, ಅದೂ ಗಾಳಿಯನ್ನು ದೂಡುವ ಉಪಾಯವೇ ತಾನೆ. ನೀರು, ಬಹಳ ನೀರು, ದೂರ ನಿಂತು ಹೊಯ್ಯುವ ನೀರು. ಅದೇ ದಾರಿ.

ಇದರ ಹುಟ್ಟೂರು ಹುಡುಕಿಕೊಂಡು ಹೊರಟರೆ ನಮ್ಮ ಬಳ್ಳಾರಿ ಸೀಮೆಗೂ ಒಂದು ನಂಟು ಸಿಗುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಮ್ಯಾಂಗನೀಸ್ ಅದಿರೂ ಇದೆ. ಅಂಥ ಅದಿರಿನ ಮುಖ್ಯ ಖನಿಜಗಳಲ್ಲಿ ಒಂದಾದ ಪೈರೊಲುಸೈಟ್, ನೋಡಲು ಮಸಿಬಣ್ಣದ ಕಲ್ಲು. ಅದನ್ನು ಪುಡಿ ಮಾಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಗಾಳಿಯಾಡುವಂತೆ ಕಾಯಿಸಿದರೆ ಹಸಿರು ಮ್ಯಾಂಗನೇಟ್ ಸಿಗುತ್ತದೆ. ಅದರಲ್ಲಿ ವಿದ್ಯುತ್ ಹರಿಸಿದರೆ ನೇರಳೆ ಪರ್ಮಾಂಗನೇಟ್. 1659ರಷ್ಟು ಹಿಂದೆಯೇ ಗ್ಲಾಬರ್ ಎಂಬ ಜರ್ಮನ್ ರಸಾಯನಜ್ಞ ಈ ಕಲ್ಲನ್ನು ಕ್ಷಾರದೊಡನೆ ಕರಗಿಸಿ, ಬಂದ ದ್ರಾವಣ ಹಸಿರಿನಿಂದ ನೇರಳೆಗೆ ತಿರುಗುವುದನ್ನು ಬರೆದಿಟ್ಟಿದ್ದ. ಸ್ವೀಡನ್ನಿನ ಶೀಲೆ ಈ ಬಣ್ಣಗಳ ಆಟ ನೋಡಿ ಅದಕ್ಕೆ ಗೋಸುಂಬೆ ಖನಿಜ ಎಂಬ ಹೆಸರಿಟ್ಟ. ಅದನ್ನು ಮನೆಮನೆಗೆ ತಲುಪಿಸಿದವನು ಮಾತ್ರ ವ್ಯಾಪಾರಿ. ಲಂಡನ್ನಿನ ಹೆನ್ರಿ ಬೋಲ್‌ಮನ್ ಕಾಂಡಿ 1857ರ ಹೊತ್ತಿಗೆ ಇದರ ದ್ರಾವಣವನ್ನು ಸೋಂಕುನಾಶಕವೆಂದು ಮಾರಲು ಶುರುಮಾಡಿದ. ಹರಳಿಗೆ ‘ಕಾಂಡೀಸ್ ಕ್ರಿಸ್ಟಲ್’ ಎಂಬ ಹೆಸರು ಸಾಮ್ರಾಜ್ಯದ ಉದ್ದಗಲಕ್ಕೂ ಹಬ್ಬಿತು.

ಸಾಮ್ರಾಜ್ಯ ಎಂದಮೇಲೆ ಇಂಡಿಯಾಕ್ಕೆ ಬರದೆ ಇದ್ದೀತೆ? ಕಾಲರಾ ಇಲ್ಲಿ ಊರೂರು ಖಾಲಿ ಮಾಡುತ್ತಿದ್ದ ಕಾಲ. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ಯಾಕ್ಟೀರಿಯಾ ತಜ್ಞ ಬಾವಿಗಳಿಗೆ ಪರ್ಮಾಂಗನೇಟ್ ಹಾಕಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದ. ನೀರು ಗುಲಾಬಿಯಾಗಿ ನಿಲ್ಲುವವರೆಗೆ ಹಾಕುವುದು, ರಾತ್ರಿಯಿಡೀ ಬಿಡುವುದು. ಬಾವಿಯಲ್ಲಿ ಕೊಳೆ ಹೆಚ್ಚಿದ್ದಷ್ಟೂ ಹೆಚ್ಚು ಹರಳು ಬೇಕು, ಏಕೆಂದರೆ ಹಾಕಿದ್ದನ್ನೆಲ್ಲ ಕೊಳೆಯೇ ತಿಂದುಬಿಡುತ್ತದೆ. ಕಾಲರಾ ಕ್ರಿಮಿಯ ಮೇಲೆ ಇದರ ಕೈ ಸ್ವಲ್ಪ ಮಟ್ಟಿಗೆ ನಡೆಯುತ್ತಿತ್ತು. ಉಳಿದ ಕ್ರಿಮಿಗಳ ವಿಷಯದಲ್ಲಿ ನೆಚ್ಚುವಂತಿರಲಿಲ್ಲ. ಹೀಗಾಗಿ ಮುಂದೆ ಸಾರ್ವಜನಿಕ ಆರೋಗ್ಯದ ಪುಸ್ತಕಗಳು ಬಾವಿಗೆ ಬ್ಲೀಚಿಂಗ್ ಪೌಡರೇ ಸರಿ ಎಂದವು. ಒಳ್ಳೆಯ ಬ್ಲೀಚಿಂಗ್ ಪೌಡರ್ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ, ಒಂದು ಗಂಟೆ ಕಾಲ. ಬಣ್ಣವಿಲ್ಲ, ನಾಟಕವಿಲ್ಲ. ಆದರೂ ಇವತ್ತಿಗೂ ಬಾವಿಗೆ ‘ಕೆಂಪು ಔಷಧ’ ಹಾಕಿದರೆ ಮಾತ್ರ ಮನಸ್ಸಿಗೆ ಸಮಾಧಾನ ಎನ್ನುವ ಹಿರಿಯರಿದ್ದಾರೆ. ಕಣ್ಣಿಗೆ ಕಾಣುವ ಔಷಧದ ಮೇಲೆ ನಮಗಿರುವ ಭಕ್ತಿ ದೊಡ್ಡದು.

ಆ ಭಕ್ತಿ ಎಲ್ಲಿಯವರೆಗೆ ಹೋಯಿತು ಎನ್ನುವುದಕ್ಕೆ ಹಾವಿನ ಕಥೆ ಕೇಳಿ. 1881ರಲ್ಲಿ ಬ್ರೆಜಿಲ್ಲಿನ ಲಸೆರ್ಡಾ ಎಂಬ ವಿಜ್ಞಾನಿ ಹಾವಿನ ವಿಷಕ್ಕೆ ಪರ್ಮಾಂಗನೇಟ್ ಮದ್ದು ಎಂದು ಸಾರಿದ. ಗಾಜಿನ ಕೊಳವೆಯಲ್ಲಿ ವಿಷವನ್ನೂ ಪರ್ಮಾಂಗನೇಟನ್ನೂ ಬೆರೆಸಿದರೆ ವಿಷದ ಪ್ರೋಟೀನು ಕೆಡುವುದು ನಿಜ. ಮುಂದೆ ಲಾಡರ್ ಬ್ರಂಟನ್, ಜೋಸೆಫ್ ಫೇರರ್, ಲಿಯೊನಾರ್ಡ್ ರಾಜರ್ಸ್ ಮೂವರೂ ಸೇರಿ 1904ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಇವರೇನು ಸಾಮಾನ್ಯರಲ್ಲ. ಬ್ರಂಟನ್ ಎದೆನೋವಿಗೆ ಅಮೈಲ್ ನೈಟ್ರೈಟ್ ಕೊಟ್ಟು ಹೆಸರಾದವರು, ಫೇರರ್ ಇಂಡಿಯಾದ ವಿಷದ ಹಾವುಗಳ ಮೇಲೆ ಭಾರಿ ಸಚಿತ್ರ ಗ್ರಂಥ ಬರೆದವರು, ರಾಜರ್ಸ್ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳಿಗೆ ಉಪ್ಪುನೀರು ಏರಿಸಿ ಸಾವು ಇಳಿಸಿದವರು. ಆ ಕಾಲಕ್ಕೆ ಒಂದು ಪುಟ್ಟ ಉಪಕರಣವೂ ಬಂತು. ಮರದ ಹಿಡಿ, ಒಂದು ತುದಿಯಲ್ಲಿ ಸಣ್ಣ ಚೂರಿ, ಇನ್ನೊಂದು ತುದಿಯ ಟೊಳ್ಳಿನಲ್ಲಿ ಪರ್ಮಾಂಗನೇಟ್ ಹರಳು. ಕಚ್ಚಿದ ಜಾಗ ಕೊಯ್ಯುವುದು, ಹರಳು ತಿಕ್ಕುವುದು. ರೋಗಿಗೆ ಹಾವಿನ ನೋವಿನ ಮೇಲೆ ಸರ್ಜರಿಯ ನೋವು, ಅದರ ಮೇಲೆ ಸುಟ್ಟ ನೋವು.

ಫಲ ಸೊನ್ನೆ. ಕಾರಣ ಸರಳ. ಕೊಳವೆಯೊಳಗೆ ಹರಳಿನ ಪಕ್ಕದಲ್ಲಿದ್ದದ್ದು ವಿಷ ಮಾತ್ರ. ಕಾಲಿನೊಳಗೆ ಪಕ್ಕದಲ್ಲಿರುವುದು ರಕ್ತ, ಮಾಂಸ, ಕೊಬ್ಬು. ಮೊದಲು ಸಿಕ್ಕಿದ್ದನ್ನು ಉತ್ಕರ್ಷಿಸಿ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. ವಿಷ ಅಷ್ಟರಲ್ಲಿ ಮುಂದಕ್ಕೆ ಹೋಗಿರುತ್ತದೆ. ಹಾವು ಕಚ್ಚಿದರೆ ಕೊಯ್ಯುವುದೂ ಬೇಡ, ಹಚ್ಚುವುದೂ ಬೇಡ. ಕಾಲು ಅಲುಗಾಡಿಸದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಹರಟೆಯ ನಡುವೆ ಹೇಳಿದೆನೆಂದು ಹಗುರವಾಗಿ ತೆಗೆದುಕೊಳ್ಳಬೇಡಿ.

ನಾನು ಹೇಳಹೊರಟದ್ದೂ ಇದನ್ನೇ. ಈ ಹರಳಿಗೆ ತನ್ನದೇ ಆದ ದುಷ್ಟತನ ಕಡಿಮೆ, ಎಲ್ಲವೂ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ಹಿರಿಯರು ಯಾರನ್ನು ನೋಡಿ ಕಟ್ಟಿದರೋ ಗೊತ್ತಿಲ್ಲ, ನನ್ನ ಮಟ್ಟಿಗೆ ಅದು ಈ ಬಾಟಲಿಯ ಮೇಲೆ ಅಂಟಿಸಬೇಕಾದ ಚೀಟಿ.

ಗ್ಲಿಸರಿನ್ ತೆಗೆದುಕೊಳ್ಳಿ. ಚಳಿಗಾಲದಲ್ಲಿ ತುಟಿಗೆ ಹಚ್ಚುವ, ಬಾಯಿಹುಣ್ಣಿಗೆ ಅಜ್ಜಿ ಸವರುತ್ತಿದ್ದ ಪರಮ ಸಾಧು ದ್ರವ. ಅದೂ ಇದೂ ಒಂದೇ ಜಾಗದಲ್ಲಿ ಸೇರಿದರೆ ಬೆಂಕಿಕಡ್ಡಿಯೇ ಬೇಡ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಣ್ಣ ಹೊಗೆ. ಆಮೇಲೆ ನೇರಳೆ ಅಂಚಿನ ಜ್ವಾಲೆ ತಾನಾಗಿ ಎದ್ದು ನಿಲ್ಲುತ್ತದೆ. ವಿಜ್ಞಾನ ಪ್ರದರ್ಶನಗಳಲ್ಲಿ ‘ಮಂತ್ರದ ಬೆಂಕಿ’ ಎಂದು ಇದನ್ನೇ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅಪಾಯ ಇರುವುದು ಆ “ಮೊದಲು ಏನೂ ಆಗುವುದಿಲ್ಲ” ಎನ್ನುವುದರಲ್ಲಿ. ಹರಳು ನುಣ್ಣಗಿದ್ದರೆ ಬೇಗ, ದಪ್ಪಗಿದ್ದರೆ ತಡ. ಸೆಕೆಗೆ ಬೇಗ, ಚಳಿಗೆ ತಡ. ಡಿಸೆಂಬರ್ ಬೆಳಿಗ್ಗೆ ಪ್ರಯೋಗ ಕೈಕೊಟ್ಟಿತೆಂದು ಮಾಡಿದವರು ಬಗ್ಗಿ ಮುಖ ಹತ್ತಿರ ತಂದು ನೋಡುತ್ತಾರೆ. ಅದು ಆ ಗಳಿಗೆಗೇ ಕಾದಿರುತ್ತದೆ. ಕೈಯಲ್ಲಿರುವುದು ಮಂತ್ರ ಎಂದುಕೊಂಡವರಿಗೆ ಕನ್ನಡಕ ಹಾಕಿಕೊಳ್ಳುವ ಯೋಚನೆ ಎಲ್ಲಿಂದ ಬರಬೇಕು?

ಅಮೆರಿಕ, ಆಸ್ಟ್ರೇಲಿಯಾದ ಅರಣ್ಯ ಇಲಾಖೆಗಳು ಈ ತಡವನ್ನೇ ಕೆಲಸಕ್ಕೆ ಹಚ್ಚಿವೆ. ದೊಡ್ಡ ಕಾಳ್ಗಿಚ್ಚು ಬರುವ ಮುಂಚೆ ಒಣಹುಲ್ಲನ್ನು ಬೇಕೆಂದೇ ಸುಟ್ಟು ತೆಗೆಯುವ ಪದ್ಧತಿ ಅಲ್ಲಿದೆ. ಪಿಂಗ್‌ಪಾಂಗ್ ಚೆಂಡಿನಷ್ಟು ಪ್ಲಾಸ್ಟಿಕ್ ಗುಂಡುಗಳಲ್ಲಿ ಪರ್ಮಾಂಗನೇಟ್ ತುಂಬಿ ಹೆಲಿಕಾಪ್ಟರಿನಲ್ಲಿ ಒಯ್ಯುತ್ತಾರೆ. ಉದುರಿಸುವ ಕ್ಷಣದಲ್ಲಿ ಯಂತ್ರ ಪ್ರತಿ ಗುಂಡಿಗೂ ಗ್ಲೈಕಾಲ್ ಚುಚ್ಚುತ್ತದೆ. ನೆಲ ಮುಟ್ಟಿದ ಮೇಲೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಅವರು ಕರೆಯುವುದು ಡ್ರ್ಯಾಗನ್ ಮೊಟ್ಟೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿ-2 ರಾಕೆಟ್ಟಿನಲ್ಲೂ ಇದರ ದಾಯಾದಿ ಸೋಡಿಯಂ ಪರ್ಮಾಂಗನೇಟ್ ಇತ್ತು. ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಬಿಸಿ ಹಬೆ ಎಬ್ಬಿಸಿ ಇಂಧನದ ಪಂಪು ತಿರುಗಿಸುವುದು ಅದರ ಕೆಲಸ. ಕಾಂಡಿ ಸೋಂಕು ತೊಳೆಯಲೆಂದು ಮಾರಿದ ಊರಿನ ಮೇಲೆಯೇ 1944ರಲ್ಲಿ ಆ ರಾಕೆಟ್ಟುಗಳು ಬಿದ್ದವು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೊಕೇನ್ ಶುದ್ಧಮಾಡುವವರ ಕೈಗೂ ಈ ಹರಳು ಬಿದ್ದದ್ದರಿಂದ, 1988ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರೂ ಸೇರಿದೆ. ಕಾಲುಬಾಯಿ ಜ್ವರದ ಪೊಟ್ಟಣ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ನಮ್ಮ ಸುತ್ತಲಿನ ಸಹವಾಸಕ್ಕೆ ಬರೋಣ. ಕೋಳಿ ಫಾರಂಗಳಲ್ಲಿ ಶೆಡ್ಡು, ಮೊಟ್ಟೆಮರಿ ಯಂತ್ರಗಳನ್ನು ಶುದ್ಧಮಾಡಲು ಪರ್ಮಾಂಗನೇಟ್ ಮೇಲೆ ಫಾರ್ಮಲಿನ್ ಸುರಿದು ಹೊಗೆ ಹಾಕುತ್ತಾರೆ. ಸುರಿದ ಕೂಡಲೇ ಕುದಿದು ಉಕ್ಕುತ್ತದೆ, ಕಾವು ಏರುತ್ತದೆ, ಕಣ್ಣುಮೂಗು ಸುಡುವ ಫಾರ್ಮಾಲ್ಡಿಹೈಡ್ ಅನಿಲ ಏಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡುವ ಕೆಲಸ ಅಲ್ಲ ಅದು. ಅಗಲವಾದ, ಎತ್ತರದ, ಮಣ್ಣಿನ ಇಲ್ಲವೇ ಲೋಹದ ಪಾತ್ರೆ ಬೇಕು, ಕೆಳಗೆ ಭತ್ತದ ಹೊಟ್ಟು ಇರಬಾರದು. ಫಾರಂನಲ್ಲಿ ಹೊಟ್ಟು ಇಲ್ಲದ ಜಾಗ ಹುಡುಕುವುದೇ ಕಷ್ಟ, ಒಪ್ಪುತ್ತೇನೆ. ಸುರಿದವರು ಬಾಗಿಲ ಕಡೆ ಮುಖ ಮಾಡಿ ನಿಂತಿರಬೇಕು, ಮರುಗಳಿಗೆ ಆಚೆಗಿರಬೇಕು.

ಎಲ್ಲಕ್ಕಿಂತ ಕೆಟ್ಟ ಸ್ನೇಹ ಸಾಂದ್ರ ಗಂಧಕಾಮ್ಲದ್ದು. ಪ್ರಯೋಗದಲ್ಲಿ ಬಳಸುವ ಸಾರಗುಂದಿಸಿದ ಆಮ್ಲ ಬೇರೆ, ಬಾಟಲಿಯಿಂದ ನೇರ ಬರುವ ಎಣ್ಣೆಯಂಥ ಆಮ್ಲ ಬೇರೆ. ಎರಡನೆಯದು ಒಣಹರಳಿಗೆ ಸೋಕಿದರೆ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಎಂಬ ಹಸಿರುಗಂದು ದ್ರವ ಹುಟ್ಟುತ್ತದೆ. ಅದು ಸ್ವಲ್ಪ ಕಾವಿಗೇ, ಒಂದು ಎಳೆ ಹತ್ತಿ ಸೋಕಿದರೇ ಸಿಡಿಯುವ ಜಾತಿ. ಗಾಜಿನ ಸಾಮಾನು ಕರೆಗಟ್ಟಿದೆ, ಎರಡೂ ಬಲವಾದವು, ಸೇರಿಸಿ ತೊಳೆದರೆ ಫಳಫಳ ಆಗಬಹುದು ಎಂಬ ಜಾಣ ಯೋಚನೆ ಯಾರಿಗಾದರೂ ಬರಬಹುದು. ಬರಕೂಡದು.

ಸ್ಟೋರ್ ರೂಮಿನ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ರಾಸಾಯನಿಕಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುತ್ತಾರೆ. ಸ್ಟಾಕ್ ಪುಸ್ತಕ ತಪಾಸಣೆಗೆ ಬಂದವರಿಗೆ ಅದು ಬಹಳ ಅನುಕೂಲ. ‘ಪಿ’ ಅಕ್ಷರದ ಸಾಲಿಗೆ ಹೋಗಿ ನೋಡಿ: ಪ್ಯಾರಾಫಿನ್, ಫಿನಾಲ್, ಕೆಂಪು ರಂಜಕ, ಪೊಟ್ಯಾಸಿಯಂ ಪರ್ಮಾಂಗನೇಟ್, ಪ್ರೊಪನಾಲ್. ಉರಿಯಲು ಕಾದಿರುವವರ ಮಧ್ಯೆ ಉರಿಸುವವರನ್ನು ಕೂರಿಸಿ ವಾರ್ನಿಷ್ ಹಚ್ಚಿದ ಮರದ ಕಪಾಟಿನ ಬಾಗಿಲು ಹಾಕಿ ಬೀಗ ಜಡಿದಿರುತ್ತಾರೆ. ಅಕ್ಷರಮಾಲೆ ನಿಘಂಟಿಗೆ ಸರಿ. ಸ್ಟೋರ್ ರೂಮಿಗೆ ಬೇಕಾದ್ದು ಗುಣ ನೋಡಿ ಮಾಡುವ ವಿಂಗಡಣೆ: ಉತ್ಕರ್ಷಣಕಾರಿಗಳೆಲ್ಲ ಒಂದು ಕಡೆ, ಲೋಹದ ಅಥವಾ ಕಲ್ಲಿನ ಹಲಗೆಯ ಮೇಲೆ, ಬಿಗಿಯಾದ ಮುಚ್ಚಳದಲ್ಲಿ, ತಂಪಾಗಿ, ಒಣದಾಗಿ, ಉರಿಯುವ ದ್ರವಗಳು, ಗಂಧಕ, ಇದ್ದಿಲು, ಸಕ್ಕರೆ, ಲೋಹದ ಪುಡಿಗಳು ಬೇರೆ ಕಡೆ, ಆಮ್ಲಗಳು ಮತ್ತೊಂದು ಕಡೆ. ಇದನ್ನು ನಾನು ಹೇಳಿದಾಗ ನಮ್ಮ ಅಟೆಂಡರು, “ಸಾರ್, ಆಮೇಲೆ ಬಾಟ್ಲಿ ಹುಡುಕೋರು ಯಾರು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆವು, ತಗಾದೆ ಮುಗಿಯಿತು. ಆ ಅಟೆಂಡರಿಗೆ ಇದ್ದ ಜ್ಞಾನ ನಮ್ಮ ಅರ್ಧ ಸ್ಟಾಫ್ ರೂಮಿಗೆ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹರಳು ಚೆಲ್ಲಿದಾಗ ಹೊಸಬರೊಬ್ಬರು ಮರದ ಹೊಟ್ಟು ತಂದು ಸುರಿಯಲು ಹೋದರೆ ತೋಳು ಹಿಡಿದು ನಿಲ್ಲಿಸಿದವರು ಅವರು.

ಚೆಲ್ಲಿದ್ದನ್ನು ಬಳಿಯುವುದೂ ಒಂದು ವಿದ್ಯೆಯೇ. ಮರದ ಹೊಟ್ಟು, ಹಳೇ ಪೇಪರು, ಎಣ್ಣೆ ಬಟ್ಟೆ ಮೂರೂ ವರ್ಜ್ಯ, ಮೂರೂ ಉರುವಲೇ. ಕೈಗವಸು ಹಾಕಿಕೊಂಡು, ಧೂಳೇಳದಂತೆ ಲೋಹದ ಅಥವಾ ಪ್ಲಾಸ್ಟಿಕ್ ಮೊರದಿಂದ ಹರಳನ್ನು ಒಟ್ಟುಮಾಡಿ ಬೇರೆ ಪಾತ್ರೆಗೆ ಹಾಕಬೇಕು. ಮತ್ತೆ ಮೂಲ ಬಾಟಲಿಗೆ ಸುರಿಯಬಾರದು, ನೆಲದ ಕಸವೂ ಜೊತೆಗೆ ಹೋಗುತ್ತದೆ. ಕಸದಬುಟ್ಟಿಗಂತೂ ಬೇಡವೇ ಬೇಡ. ಉಳಿದ ಕಲೆಗೆ ಬಹಳ ನೀರು, ಆಮೇಲೆ ಸೋಡಿಯಂ ಬೈಸಲ್ಫೈಟಿನ ತೆಳು ದ್ರಾವಣ. ನೇರಳೆ ಹೋಗಿ, ಕಂದು ಹೋಗಿ, ನೆಲ ಬೆಳ್ಳಗಾಗುತ್ತದೆ. ಚರಂಡಿಗೆ ಹಾಗೇ ಬಿಡಬಾರದು. ಹಳ್ಳಕೊಳ್ಳದ ಮೀನಿಗೆ, ನೀರಿನ ಹುಳುಹುಪ್ಪಟೆಗೆ ಇದು ಬಹಳ ಕೆಟ್ಟದ್ದು. ಕಣ್ಣಿಗೆ ಸಿಡಿದರೆ ಮಾತುಕತೆಯಿಲ್ಲ, ರೆಪ್ಪೆ ಬಿಡಿಸಿಕೊಂಡು ಕನಿಷ್ಠ 15 ನಿಮಿಷ ಹರಿಯುವ ನೀರು, ನಂತರ ಕಣ್ಣಿನ ಡಾಕ್ಟರು. ಬೆರಳಿನ ಕಂದು ಕಲೆ ಮ್ಯಾಂಗನೀಸ್ ಡೈಆಕ್ಸೈಡಿನದು, ಸಂಡೂರಿನ ಕಲ್ಲಿನಲ್ಲಿರುವುದೇ. ಅದಕ್ಕೆ ನಿಂಬೆಹೋಳು ತಿಕ್ಕಿದರೆ, ಇಲ್ಲವೇ ವಿಟಮಿನ್ ಸಿ ಮಾತ್ರೆ ಅರೆದು ಸವರಿದರೆ ಸಾಕು.

ಮನೆಬಳಕೆಯ ಕಥೆ ಇನ್ನೊಂದು. ನಮ್ಮಲ್ಲಿ ಎಲ್ಲ ಔಷಧಕ್ಕೂ ಒಂದೇ ಮಾಪನ, ಅದರ ಹೆಸರು ಚಿಟಿಕೆ. ಚಿಟಿಕೆ ಎಂದರೆ ಯಾರ ಬೆರಳಿನ ಚಿಟಿಕೆ? ಚರ್ಮರೋಗಕ್ಕೆ ಅದ್ದುವ ನೀರಿನ ಪ್ರಮಾಣ ಹತ್ತು ಸಾವಿರಕ್ಕೆ ಒಂದು, ಅಂದರೆ 10 ಲೀಟರಿನ ಬಕೆಟ್ಟಿಗೆ 1 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದು ಇರುವುದು ಈ ಪ್ರಮಾಣದಲ್ಲೇ. ಹುಣ್ಣು ಬೇಗ ಒಣಗಲೆಂದು ನೀರನ್ನು ಕಡುನೇರಳೆ ಮಾಡಿಕೊಂಡರೆ ಚರ್ಮ ಸುಡುತ್ತದೆ. ಕರಗದೆ ಉಳಿದ ಒಂದು ಹರಳು ಹುಣ್ಣಿನೊಳಗೆ ಕುಳಿತರೆ ಅಷ್ಟು ಜಾಗ ಕೊರೆಯುತ್ತದೆ. ಮೀನಿನ ತೊಟ್ಟಿಗೆ ಹಾಕುವವರ ಲೆಕ್ಕ ಇನ್ನೂ ಸೂಕ್ಷ್ಮ, ಲೀಟರಿಗೆ 2 ಮಿಲಿಗ್ರಾಂ ಆಸುಪಾಸು. 50 ಲೀಟರಿನ ತೊಟ್ಟಿಗೆ ಬೇಕಾದ್ದು 100 ಮಿಲಿಗ್ರಾಂ, ಯಾವ ಚಿಟಿಕೆಗೂ ಸಿಗದ ತೂಕ. ಮೀನು ಸತ್ತ ಮೇಲೆ ಅಂಗಡಿಯವರನ್ನು ಬೈಯುವ ಮೊದಲು ಬೆರಳನ್ನು ನೋಡಿಕೊಳ್ಳಬೇಕು. ದ್ರಾಕ್ಷಿ ತೊಳೆಯುವವರೂ ಅಷ್ಟೇ: ಹರಳನ್ನು ಬೇರೆ ಲೋಟದಲ್ಲಿ ಪೂರ್ತಿ ಕರಗಿಸಿ, ನೀರು ಗುಲಾಬಿಯೋ ಅಲ್ಲವೋ ಎಂದು ಅನುಮಾನ ಬರುವಷ್ಟು ಮಾತ್ರ ಬೆರೆಸಿ, ಕೊನೆಗೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು.

ಬಾಯಿಗೆ ಮಾತ್ರ ಯಾವ ಪ್ರಮಾಣದಲ್ಲೂ ಬೇಡ. ಇಂಗ್ಲೆಂಡಿನಲ್ಲಿ ಬಕೆಟ್ಟಿಗೆ ಹಾಕಲೆಂದೇ ಇದನ್ನು 400 ಮಿಲಿಗ್ರಾಂ ಮಾತ್ರೆಯಾಗಿ ಮಾರುತ್ತಾರೆ, 4 ಲೀಟರಿಗೆ ಒಂದು. ಮಾತ್ರೆ ಎಂದಮೇಲೆ ನುಂಗುವುದು ತಾನೆ ಎಂದು ರೋಗಿಗಳು ನುಂಗಿದರು, ಕೆಲವೆಡೆ ದಾದಿಯರೇ ನುಂಗಿಸಿದರು. ಗಂಟಲು, ಅನ್ನನಾಳ ಸುಟ್ಟುಹೋಗುವ ಸಂಗತಿ ಅದು, ಪ್ರಾಣಹಾನಿಯೂ ಆಯಿತು. 2022ರ ಏಪ್ರಿಲಿನಲ್ಲಿ ಅಲ್ಲಿನ ಆರೋಗ್ಯ ಸೇವೆ ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಬೇಕಾಯಿತು. ನಮ್ಮಲ್ಲಿ ಮಾತ್ರೆಯ ಬದಲು ಪೊಟ್ಟಣ. ಹೆಸರಿಲ್ಲದ ಪೊಟ್ಟಣ ದೇವರ ಮನೆಯ ಗೂಡಿನಲ್ಲೋ ಅಡುಗೆಮನೆಯ ಮೇಲರೆಯಲ್ಲೋ ಸಾಸಿವೆಯ ಪಕ್ಕ ಕುಳಿತಿರುತ್ತದೆ. ಅರೆಬೆಳಕಿನಲ್ಲಿ ಎರಡೂ ಕಪ್ಪು.

ಆದ್ದರಿಂದ ಓದುಗ ಮಹಾಶಯರೇ, ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಔಷಧದ ಡಬ್ಬಿ ಕೆಳಗಿಳಿಸಿ. ಒಳಗೆ ನೇರಳೆ ಹರಳಿನ ಪೊಟ್ಟಣ ಇದ್ದರೆ ಕಾಗದದಿಂದ ತೆಗೆದು ಗಾಜಿನ ಶೀಶೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಹೆಸರನ್ನೂ ‘ಬಾಯಿಗಲ್ಲ’ ಎಂಬುದನ್ನೂ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆಟುಕದ ಕಡೆ ಇಡಿ. ನೀವು ಮೇಷ್ಟರಾಗಿದ್ದರೆ ಸೋಮವಾರ ಸ್ಟೋರ್ ರೂಮಿನ ‘ಪಿ’ ಸಾಲನ್ನೂ ಒಮ್ಮೆ ನೋಡಿಬಿಡಿ. ಗ್ಲಿಸರಿನ್ ಬಾಟಲಿ ಮನೆಯಲ್ಲೇ ಇರಲಿ, ಆದರೆ ಬೇರೆ ಕಪಾಟಿನಲ್ಲಿ.